ಹಾಜರಿ

ಮೊದಲ ಸೂಜಿ ಚುಚ್ಚಿದ್ದು ಕಿತ್ತಳೆಗೆ.
ನಮ್ಮ ಕೊಡಗಿನದೇ ಹಣ್ಣು, ಸಿಪ್ಪೆ ಸಡಿಲ,
ತೊಳೆಗೂ ಅದಕ್ಕೂ ಅಂಥ ಸ್ನೇಹವಿಲ್ಲ.
ಸೂಜಿ ಒಮ್ಮೆ ತಡೆಯುತ್ತದೆ, ಬಿಡುತ್ತದೆ,
ಇನ್ನೊಮ್ಮೆ ತಡೆಯುತ್ತದೆ.
"ಆ ಎರಡನೆಯದು ಮಾಂಸ, ನೆನಪಿಡಿ" ಎಂದರು ಲಿಸ್ಸಿ ಮೇಡಂ.
ಹಣ್ಣು ಅವ್ವ ಕೊಟ್ಟು ಕಳಿಸಿದ್ದು,
ತಾನಾಗಿ ಬೇಲಿಯಾಚೆ ಬಿದ್ದದ್ದೆಂದು ಆಣೆ ಹಾಕಿ.
ಸೆಲೈನ್ ಹೊಕ್ಕಿದ್ದನ್ನು ತಿನ್ನಬಾರದಂತೆ.
ತಿಂದೆವು. ಹಾಸ್ಟೆಲಿನಲ್ಲಿ, ದೀಪ ಆರಿದ ಮೇಲೆ, ನಾಲ್ವರು.
ತುಸು ಉಪ್ಪುಪ್ಪು.

ಹಾಜರಿ ಪುಸ್ತಕದಲ್ಲಿ ನಾನು ವೈ. ಸಿ. ತುಳಸಿ.
ವೈ ಎಂದರೆ ಎರವರ, ಸಿ ಎಂದರೆ ಚೋಮ,
ಮೆಣಸು ಕುಯ್ಯುವ ಏಣಿಯಿಂದ ಬಿದ್ದ ನನ್ನಪ್ಪ.
ಪಾಠ ಇಂಗ್ಲಿಷು, ಓದಿದ ಶಾಲೆ ಕನ್ನಡ,
ಮನೆಯ ಮಾತಿಗೆ ಲಿಪಿಯೇ ಇಲ್ಲ.
ಇನ್ನೂರಾರು ಮೂಳೆಗಳನ್ನು ಕನ್ನಡಕ್ಷರದಲ್ಲಿ ಬರೆದುಕೊಂಡು
ಸ್ನಾನದ ಮನೆಯಲ್ಲಿ ಬಾಯಿಪಾಠ ಮಾಡಿದೆ:
ಸ್ಕ್ಯಾಪುಲಾ, ಹ್ಯೂಮರಸ್, ಟಿಬಿಯಾ, ಫೀಮರ್.
ಫೀಮರ್ ಎಂದರೆ ತೊಡೆ.
ಅದು ಮುರಿದರೆ ಒಂದೂವರೆ ಲೀಟರಿನಷ್ಟು ರಕ್ತ
ಹೊರಗೆ ಹನಿಯೂ ಕಾಣದೆ ಒಳಗೇ ಸೋರಬಹುದು
ಎಂಬ ಸಾಲಿನ ಕೆಳಗೆ ಗೆರೆ ಎಳೆದೆ.
"ಗಾಯವೇ ಇಲ್ಲ, ಬೆಳಗ್ಗೆ ನೋಡೋಣ" ಅಂದಿದ್ದರು ಅವತ್ತು ಎಲ್ಲರೂ.
ಆ ದಿನ ಮುಂದಿನ ಪುಟ ಓದಲಿಲ್ಲ.

ತರಗತಿಗೆ ನೂರಕ್ಕೆ ಎಂಬತ್ತು ಹಾಜರಿ ಸಾಕು,
ವಾರ್ಡಿಗೆ ನೂರಕ್ಕೆ ನೂರು.
ಚೆಟ್ಟಳ್ಳಿ ದಾರಿಯಲ್ಲಿ ಮರಿಯೊಂದಿಗೆ ಆನೆ ನಿಂತು
ಸೋಮವಾರದ ಬಸ್ಸು ಎರಡು ತಾಸು ತಡ.
"ಆನೆಯಿಂದ ಸಹಿ ಹಾಕಿಸಿ ತಂದೆಯಾ?" ಎಂದರು ಮೇಡಂ.
ನಗಿಸಿದರು, ಆದರೆ ಬಿಡಲಿಲ್ಲ.
ಆ ದಿನವನ್ನು ಒಂದು ಭಾನುವಾರ ತೀರಿಸಿದೆ.

ನಾಲ್ಕನೆಯ ವರ್ಷ. ಮಡಿಕೇರಿ, ಗಂಡಸರ ವಾರ್ಡು,
ಹದಿನಾಲ್ಕನೆಯ ಮಂಚ. ರೈಟರ್ ಬೆಳ್ಯಪ್ಪ. ಕಿಡ್ನಿ.
ಕಂಬಿ ಬಡಿದು ಐದು ನಿಮಿಷ ದಾಟಿದರೆ
ಹೆಸರಿನೆದುರು 'ಅರ್ಧ' ಎಂದು ಬರೆಯುತ್ತಿದ್ದ ಕೈ
ಈಗ ನನ್ನ ಕೈಯಲ್ಲಿ, ನರ ಹುಡುಕುತ್ತಿದ್ದೇನೆ.
ನನಗೆ ದಡಾರ ಬಂದ ವಾರ ಅವ್ವನಿಗೆ ಮೂರು ಅರ್ಧ.
ಈಗ ನನ್ನ ಬಳಿಯೂ ಒಂದು ಪುಸ್ತಕ:
ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು.
ಗಂಟೆಗೊಮ್ಮೆ ಮಂಡಿಯೂರಿ, ಚೀಲದ ಗೆರೆಗೆ ಕಣ್ಣಿಟ್ಟು ಓದಿದೆ.
ಮೂವತ್ತು. ಇಪ್ಪತ್ತೆಂಟು.
ಎಂಟರ ಮೇಲೆ ಪೆನ್ನು ಒಂದು ಗಳಿಗೆ ನಿಂತದ್ದು ನಿಜ.
ಇಪ್ಪತ್ತೆಂಟೇ ಬರೆದೆ.

"ಯಾರ ಮಗಳು ನೀನು?"
"ಮುತ್ತೆಯ ಮಗಳು."
"ಯಾವ ಮುತ್ತೆ?"
ನಮ್ಮ ಲೈನಿನಲ್ಲಿ ಮೂವರು ಮುತ್ತೆಯರಿದ್ದರು.
ಇಷ್ಟು ವರ್ಷ ಒಳಗೆ ಕಟ್ಟಿಟ್ಟುಕೊಂಡ ಮಾತೆಲ್ಲ
ವಿಳಾಸ ತಪ್ಪಿದ ಕಾಗದದ ಹಾಗೆ ಹಿಂದಕ್ಕೆ ಬಂತು.
"ಐವತ್ತು ಮಿಲಿ ನೀರು, ಅಷ್ಟೇ" ಎಂದೆ.
ತಲೆ ಎತ್ತಿ ಹಿಡಿದು ಕುಡಿಸಿದೆ. ಬರೆದೆ.

ಫಲಿತಾಂಶ ಬಂದದ್ದು ಕಾಫಿ ಕುಯ್ಲಿನ ನಡುವೆ.
ಬಿ.ಎಸ್ಸಿ. ನರ್ಸಿಂಗ್, ಪ್ರಥಮ ದರ್ಜೆ.
ಅವ್ವ ಕೇಳಿದ್ದು ಒಂದೇ: "ರಾತ್ರಿ ಪಾಳಿಗೆ ಬೇರೆ ಕೂಲಿ ಉಂಟಾ?"
ಮಾರನೆಯ ಬೆಳಗ್ಗೆ ಲೈನಿನವರೆಲ್ಲ ತೋಳು ಮಡಚಿ ಬಾಗಿಲಲ್ಲಿ,
ಬಿ.ಪಿ. ನೋಡಬೇಕಂತೆ, ಹದಿನಾರರ ಹುಡುಗನಿಗೂ.
ಹೊಸಿಲಿಗೆ ಅಡ್ಡ ನಿಂತು ಅವ್ವ
ತಡವಾಗಿ ಬಂದವರನ್ನು ಹಿಂದಕ್ಕೆ ತಳ್ಳುತ್ತಿದ್ದಳು,
ಥೇಟ್ ರೈಟರ್.

ಎಲ್ಲ ಹೋದ ಮೇಲೆ ಅವಳ ಮಣಿಕಟ್ಟು ಹಿಡಿದೆ.
ಅರೆ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ನಡೆಯುತ್ತದೆ,
ವಾರ್ಡಿನಲ್ಲಿ ಎಲ್ಲರೂ ಹಾಗೇ.
ನಾನು ಬಿಡಲಿಲ್ಲ, ಮುಳ್ಳು ಪೂರ್ತಿ ಒಂದು ಸುತ್ತು ಬರುವವರೆಗೆ.
"ಸಾಕು ಬಿಡು," ಎಂದಳು, "ಅನ್ನ ಸೀಯುತ್ತಿದೆ."